ಮಹಾಮಾರಿಯ ಕಾಲದಲ್ಲಿ ಮನಸ್ಸಿನ ತುರ್ತು ಚಿಕಿತ್ಸೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಈ ದೇವಾಲಯದ ಶತಮಾನೋತ್ಸವದ ಸಂಭ್ರಮದ ನಡುವೆ ರೋಗರುಜಿನಗಳ ಮಾತನ್ನೆತ್ತುವುದು ಉಚಿತವೇ ಎಂಬ ಸಂಕೋಚ ನನ್ನಲ್ಲಿತ್ತು. ಆದರೆ ನೂರು ವರ್ಷಗಳ ಹಿಂದೆ ಇಲ್ಲಿ ಅಸ್ತಿವಾರದ ಕಲ್ಲನ್ನಿಟ್ಟ ಹಿರಿಯರನ್ನು ನೆನೆದಾಗ ಆ ಸಂಕೋಚ ಕಳೆಯಿತು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ಸುದ್ದಿಯನ್ನು ಅವರು ಬಾಲ್ಯದಲ್ಲಿಯೇ ಕೇಳಿದವರು. 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ನಮ್ಮ ದೇಶದಲ್ಲಿ ಒಂದು ಕೋಟಿಗೂ ಮಿಗಿಲಾದ ಜನರು ಬಲಿಯಾದದ್ದನ್ನು ಬಲ್ಲವರು. ಸಾವಿನ ನೆರಳಿನಿಂದ ಎದ್ದುಬಂದ ಆ ಪೀಳಿಗೆಯೇ ಈ ಗೋಡೆಗಳನ್ನು ಎತ್ತಿತು. ನಮ್ಮ ಪೀಳಿಗೆಯೂ 2020 ಮತ್ತು 2021ರಲ್ಲಿ ಅಂಥದೇ ಒಂದು ಮಹಾಮಾರಿಯನ್ನು ಹಾದು ಬಂದಿದೆ. ಅದು ಕಲಿಸಿದ ಪಾಠವನ್ನು ಬರೆದಿಡದೆ ನಾವು ಎರಡನೆಯ ಶತಮಾನದ ಹೊಸ್ತಿಲು ದಾಟಿದರೆ, ನಮ್ಮ ಮಕ್ಕಳು ಅದೇ ಪಾಠವನ್ನು ಮತ್ತೊಮ್ಮೆ ಕಣ್ಣೀರಿನಿಂದಲೇ ಕಲಿಯಬೇಕಾದೀತು.

ಆ ದಿನಗಳಲ್ಲಿ ದೇಹದ ತುರ್ತಿನ ಬಗ್ಗೆ ನಾವೆಲ್ಲರೂ ಮಾತನಾಡಿದೆವು. ಆಮ್ಲಜನಕ ಎಲ್ಲಿ ಸಿಕ್ಕೀತು, ಹಾಸಿಗೆ ಎಲ್ಲಿ ದೊರೆತೀತು ಎಂಬುದೇ ಮನೆಮನೆಯ ಪ್ರಶ್ನೆಯಾಗಿತ್ತು. ಆದರೆ ಮನಸ್ಸಿಗೂ ತುರ್ತು ಪರಿಸ್ಥಿತಿ ಉಂಟು. ಪ್ರಾಣವನ್ನು ಕಳೆದುಕೊಳ್ಳುವ ಯೋಚನೆಯಲ್ಲಿ ಸಿಕ್ಕಿಕೊಂಡವನು, ಚಿತ್ತ ಕದಡಿ ತನ್ನವರನ್ನೇ ಶತ್ರುಗಳೆಂದು ಭಾವಿಸಿ ಹೊಡೆಯಲು ಏಳುವವನು, ಕುಡಿತ ನಿಂತೊಡನೆ ಸನ್ನಿಯೇರಿ ಇಲ್ಲದ್ದನ್ನು ಕಾಣುವವನು, ದಿನಗಟ್ಟಲೆ ಅನ್ನ ನೀರು ಮುಟ್ಟದೆ ಮೂಕನಾಗಿ ಕುಳಿತವನು, ಇವರೆಲ್ಲರಿಗೂ ಹೃದಯಾಘಾತವಾದವನಿಗೆ ಬೇಕಾದಷ್ಟೇ ಬೇಗ ವೈದ್ಯರ ನೆರವು ಬೇಕು. ಮಹಾಮಾರಿ ಬಂದಾಗ ಈ ನೆರವಿನ ಬೇಡಿಕೆಗೆ ಏನಾಯಿತು? ನನ್ನ ಇಂದಿನ ವಿಷಯ ಇಷ್ಟೇ.

ಬೇಡಿಕೆ ಒಮ್ಮೆಲೇ ಏರಿತು ಎಂದು ನೀವು ಊಹಿಸುವುದು ಸಹಜ. ನಡೆದದ್ದು ಬೇರೆ. ಪ್ಯಾರಿಸ್ ನಗರ ಮತ್ತು ಅದರ ಉಪನಗರಗಳ ಮೂರು ಮಾನಸಿಕ ತುರ್ತು ಚಿಕಿತ್ಸಾ ಕೇಂದ್ರಗಳಲ್ಲಿ, 2020ರ ಲಾಕ್‌ಡೌನಿನ ಮೊದಲ ನಾಲ್ಕು ವಾರಗಳಲ್ಲಿ ನಡೆದ ರೋಗಿಗಳ ತಪಾಸಣೆಗಳು 553. ಹಿಂದಿನ ವರ್ಷದ ಅದೇ ವಾರಗಳಲ್ಲಿ ಅವು 1224 ಆಗಿದ್ದವು. ಎಂದರೆ ಅರ್ಧಕ್ಕಿಂತಲೂ ಕಡಿಮೆ. ಅಮೆರಿಕ ದೇಶದಲ್ಲಿ 2020ರ ಏಪ್ರಿಲ್ ಸುಮಾರಿಗೆ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬರುವವರ ಒಟ್ಟು ಸಂಖ್ಯೆಯೇ ಹಿಂದಿನ ವರ್ಷಕ್ಕಿಂತ ಶೇಕಡಾ 42ರಷ್ಟು ಇಳಿದಿತ್ತು. ಬೆಂಚುಗಳು ಬರಿದಾಗಿದ್ದವು. ಆ ಬರಿದಾದ ಬೆಂಚನ್ನು ಕಂಡವರು, ಜನರ ಮನಸ್ಸು ಗಟ್ಟಿಯಾಗಿದೆ, ಕಷ್ಟಕಾಲದಲ್ಲಿ ಎಲ್ಲರೂ ಧೈರ್ಯವಾಗಿದ್ದಾರೆ ಎಂದು ಸಮಾಧಾನಪಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಬರಿದಾದ ಬೆಂಚು ಆರೋಗ್ಯದ ಸಾಕ್ಷಿಯಲ್ಲ. ರೋಗಿಗಳು ಮನೆಯಲ್ಲಿದ್ದರು. ಆಸ್ಪತ್ರೆಗೆ ಹೋದರೆ ಸೋಂಕು ತಗಲೀತೆಂಬ ಭಯ. ಹೋಗೋಣವೆಂದರೆ ಬಸ್ಸಿಲ್ಲ, ಆಟೋ ಇಲ್ಲ, ರಸ್ತೆಯಲ್ಲಿ ಪೊಲೀಸರ ತಡೆ. ಹೋದರೂ ಹೊರರೋಗಿ ವಿಭಾಗ ಮುಚ್ಚಿದೆ, ವಾರ್ಡು ಕೋವಿಡ್ ರೋಗಿಗಳಿಗೆ ಮೀಸಲಾಗಿದೆ. ಇದೆಲ್ಲದರ ಮೇಲೆ, ಜನ ಉಸಿರಿಲ್ಲದೆ ಸಾಯುತ್ತಿರುವಾಗ ನಮ್ಮ ಮನೆಯ ಮನಸ್ಸಿನ ಕಾಯಿಲೆಯನ್ನು ಯಾರ ಮುಂದೆ ಹೇಳುವುದೆಂಬ ಲಜ್ಜೆ. ಪ್ಲೇಗಿನ ಕಾಲದಲ್ಲಿ, ಅಧಿಕಾರಿಗಳು ಶಿಬಿರಕ್ಕೆ ಎಳೆದೊಯ್ಯುವರೆಂಬ ಅಂಜಿಕೆಯಿಂದ ಜನರು ರೋಗಿಗಳನ್ನು ಮನೆಗಳಲ್ಲಿ ಅಡಗಿಸಿಡುತ್ತಿದ್ದರು. ಭಯ ರೋಗಿಯನ್ನು ಮರೆಮಾಡುತ್ತದೆ ಎಂಬ ಆ ಹಳೆಯ ಸತ್ಯವೇ 2020ರಲ್ಲಿ ಹೊಸ ವೇಷದಲ್ಲಿ ಬಂದಿತು.

ರೋಗಿ ಬರಲಾರದಂತೆಯೇ ಚಿಕಿತ್ಸೆಯೂ ಹಿಂದೆ ಸರಿಯಿತು. ವಿಶ್ವ ಆರೋಗ್ಯ ಸಂಸ್ಥೆಯು 130 ದೇಶಗಳಲ್ಲಿ ನಡೆಸಿ 2020ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಶೇಕಡಾ 93 ದೇಶಗಳಲ್ಲಿ ಮಾನಸಿಕ ಆರೋಗ್ಯದ ಮುಖ್ಯ ಸೇವೆಗಳು ಒಂದಲ್ಲ ಒಂದು ಬಗೆಯಲ್ಲಿ ಅಸ್ತವ್ಯಸ್ತವಾಗಿದ್ದವು ಅಥವಾ ನಿಂತೇಹೋಗಿದ್ದವು. ಮೂರನೆಯ ಒಂದು ಭಾಗಕ್ಕೂ ಹೆಚ್ಚು ದೇಶಗಳಲ್ಲಿ ತುರ್ತು ಚಿಕಿತ್ಸೆಯೇ ಕೆಟ್ಟಿತ್ತು. ಅಗತ್ಯ ಹೆಚ್ಚಿದ ಹೊತ್ತಿನಲ್ಲಿಯೇ ಬಾಗಿಲು ಕಿರಿದಾಯಿತು.

ಈ ಮೌನದ ಒಳಗೆ ಏನು ನಡೆಯುತ್ತಿತ್ತೆಂಬುದನ್ನು ನಮ್ಮ ರಾಜಧಾನಿಯ ಒಂದು ಉದಾಹರಣೆಯಿಂದ ನೋಡೋಣ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದೊಡನೆ ಮದ್ಯದಂಗಡಿಗಳೂ ಮುಚ್ಚಿದವು. ಕರ್ನಾಟಕದಲ್ಲಿ ಅವು ಮತ್ತೆ ತೆರೆದದ್ದು ಮೇ 4ರಂದು. ಕುಡಿತ ನಿಂತಿತಲ್ಲಾ ಎಂದು ಎಷ್ಟೋ ತಾಯಂದಿರು ದೇವರಿಗೆ ಕೃತಜ್ಞತೆ ಸಲ್ಲಿಸಿದರು, ಸಲ್ಲಿಸಬೇಕಾದದ್ದೇ. ಆದರೆ ವರ್ಷಗಟ್ಟಲೆ ಪ್ರತಿನಿತ್ಯ ಕುಡಿದ ದೇಹಕ್ಕೆ ಮದ್ಯ ದಿಢೀರನೆ ತಪ್ಪಿದಾಗ ಅಪಾಯವಿದೆ. ಮೊದಲ ದಿನ ಕೈನಡುಕ, ಬೆವರು, ನಿದ್ರೆ ಬಾರದಿರುವುದು. ಒಂದೆರಡು ದಿನಗಳಲ್ಲಿ ಫಿಟ್ಸ್. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಭೀಕರವಾದ ಸನ್ನಿ. ಮೈಮೇಲೆ ಹುಳುಗಳು ಹರಿದಂತೆ ಕಾಣುತ್ತದೆ, ಮನೆಯವರ ಗುರುತು ಹತ್ತುವುದಿಲ್ಲ, ಹಗಲಿರುಳಿನ ಪರಿವೆ ಇರುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು, ಇಂಥ ತೀವ್ರ ಸ್ಥಿತಿಯಲ್ಲಿ ಬಂದವರ ದೈನಿಕ ಸರಾಸರಿ ಲಾಕ್‌ಡೌನಿಗೆ ಮುಂಚೆ 4 ಇದ್ದದ್ದು ಅನಂತರ 8ಕ್ಕೆ ಏರಿತೆಂದು ಕಂಡುಕೊಂಡರು. ಉಳಿದ ಬೆಂಚುಗಳು ಬರಿದಾಗಿದ್ದ ಕಾಲದಲ್ಲಿ ಈ ಒಂದು ಬೆಂಚು ತುಂಬಿತ್ತು. ಅಲ್ಲಿಗೆ ತಲಪದೆ ಮನೆಯಲ್ಲಿಯೇ ನರಳಿದವರನ್ನು ಎಣಿಸಿದವರು ಯಾರೂ ಇಲ್ಲ. ಅಂಥವನನ್ನು ದೆವ್ವ ಮೆಟ್ಟಿದವನೆಂದು ಕಟ್ಟಿಹಾಕಿದ ಮನೆಗಳೂ ಇದ್ದಿರಬೇಕು.

ಕುಡಿತ ಒಂದು ಕಾರಣವಷ್ಟೇ. ಮಾತ್ರೆಗಳ ಬಲದಿಂದ ನೆಮ್ಮದಿಯಾಗಿದ್ದ ಹಳೆಯ ರೋಗಿಗಳಿಗೆ ಮಾತ್ರೆ ತಪ್ಪಿತು. ಮನೋರೋಗದ ಮಾತ್ರೆ ತಪ್ಪಿದರೆ ಮರುದಿನವೇ ಕೇಡು ಕಾಣದು. ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ರೋಗ ಮರುಕಳಿಸುತ್ತದೆ. ಹಾಗಾಗಿ ಲಾಕ್‌ಡೌನ್ ಮುಗಿದ ಮೇಲೆಯೇ ಅದರ ಫಲ ಆಸ್ಪತ್ರೆಯ ಬಾಗಿಲಿಗೆ ಬಂದಿತು. ಕೂಲಿ ತಪ್ಪಿದ ಚಿಂತೆ, ಸಾಲದ ಹೊರೆ, ಒಂದೇ ಕೋಣೆಯಲ್ಲಿ ಹಗಲಿರುಳು ಕೂಡಿಹಾಕಿದಂತಾಗಿ ಹೊತ್ತಿದ ಜಗಳ, ಪೆಟ್ಟು ತಿಂದ ಹೆಂಗಸಿಗೆ ತವರಿಗೂ ದಾರಿಯಿಲ್ಲದ ಪಾಡು, ಇವೆಲ್ಲವೂ ಸೇರಿದವು.

ರೋಗಾಣುವೂ ಸುಮ್ಮನಿರಲಿಲ್ಲ. 1918ರ ಇನ್‌ಫ್ಲುಯೆಂಜಾ ಹಬ್ಬಿದಾಗಲೇ ಅಮೆರಿಕದ ಬೋಸ್ಟನ್ ನಗರದ ಮನೋರೋಗ ಆಸ್ಪತ್ರೆಗೆ ಆ ಜ್ವರದೊಂದಿಗೆ ಚಿತ್ತವಿಕಾರ ಹೊಂದಿ ಬಂದ ಸುಮಾರು 100 ರೋಗಿಗಳನ್ನು ಕುರಿತು ಕಾರ್ಲ್ ಮೆನ್ನಿಂಜರ್ ಎಂಬ ತರುಣ ವೈದ್ಯರು 1919ರಲ್ಲಿ ಬರೆದಿದ್ದರು. ಕೋವಿಡ್ಡಿನಲ್ಲಿಯೂ ಹಾಗೆಯೇ ಆಯಿತು. ರೋಗದಿಂದ ಚೇತರಿಸಿಕೊಂಡ 2,36,379 ಮಂದಿಯ ದಾಖಲೆಗಳನ್ನು ಆಕ್ಸ್‌ಫರ್ಡಿನ ಸಂಶೋಧಕರು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, ಆರು ತಿಂಗಳೊಳಗೆ ಸುಮಾರು ಮೂವರಲ್ಲಿ ಒಬ್ಬರಿಗೆ ನರ ಅಥವಾ ಮನಸ್ಸಿಗೆ ಸಂಬಂಧಿಸಿದ ಒಂದು ಕಾಯಿಲೆ ದಾಖಲಾಗಿತ್ತು.

ಇನ್ನು ದುಃಖ. ತಂದೆಯ ಮುಖವನ್ನು ಕಡೆಯ ಬಾರಿ ನೋಡಲಾಗದ ಮಗ, ಗಂಡನ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕಲಾಗದ ಹೆಂಡತಿ ನಮ್ಮ ನಡುವೆಯೇ ಇದ್ದಾರೆ. ಶವದ ಮುಂದೆ ಜಪಸರ, ಬಂಧುಬಳಗದ ಅಳು, ಮೂರನೆಯ ದಿನದ ಪೂಜೆ ಇವೆಲ್ಲ ಬರಿಯ ಸಂಪ್ರದಾಯಗಳೆಂದು ನಾವು ತಿಳಿದಿದ್ದೆವು. ಅವು ತಪ್ಪಿದಾಗಲೇ, ದುಃಖ ಹರಿದುಹೋಗಲು ಹಿರಿಯರು ತೋಡಿಟ್ಟ ಕಾಲುವೆಗಳು ಅವೆಂದು ನಮಗೆ ಅರಿವಾದದ್ದು.

ಕಡೆಗೆ ಅಲೆ ಬಂದಿತು; ಅದು ಮುಖ್ಯವಾಗಿ ಎಳೆಯರ ಮೇಲೆ ಬಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಂತೆ, ಆತ್ಮಹತ್ಯೆಯ ಯತ್ನವೆಂಬ ಸಂಶಯದ ಮೇಲೆ ತುರ್ತು ವಿಭಾಗಕ್ಕೆ ಬಂದ 12ರಿಂದ 17ರ ವಯಸ್ಸಿನ ಹೆಣ್ಣುಮಕ್ಕಳ ಸಂಖ್ಯೆ 2021ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳ ನಾಲ್ಕು ವಾರಗಳಲ್ಲಿ, 2019ರ ಅದೇ ಅವಧಿಗಿಂತ ಶೇಕಡಾ 50.6ರಷ್ಟು ಹೆಚ್ಚಾಗಿತ್ತು. ಗಂಡುಮಕ್ಕಳಲ್ಲಿ ಏರಿಕೆ ಶೇಕಡಾ 3.7 ಮಾತ್ರ. ವೃದ್ಧರ ಮಾತೂ ಬೇರೆಯಲ್ಲ: 2003ರಲ್ಲಿ ಸಾರ್ಸ್ ಜ್ವರ ಹಬ್ಬಿದಾಗ ಹಾಂಗ್‌ಕಾಂಗಿನಲ್ಲಿ ವಯೋವೃದ್ಧರ ಆತ್ಮಹತ್ಯೆಗಳು ಹೆಚ್ಚಿದ್ದವು. ಒಂಟಿತನ, ಮತ್ತೊಬ್ಬರಿಗೆ ಹೊರೆಯಾದೆನೆಂಬ ಭಾವ, ಇವೇ ಅವರನ್ನು ಕಾಡಿದ್ದವು.

ಸತ್ಯವನ್ನು ಹೇಳುವಾಗ ತೂಕ ತಪ್ಪಬಾರದು. ಕೋವಿಡ್ಡಿನ ಮೊದಲ ತಿಂಗಳುಗಳಲ್ಲಿ 21 ದೇಶಗಳ ಅಂಕಿಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ಆತ್ಮಹತ್ಯೆಗಳು ಒಟ್ಟಾರೆ ಏರಿದಂತೆ ಕಾಣಲಿಲ್ಲ. ಸರಕಾರಗಳು ಹಣದ ನೆರವು ನೀಡಿದ ಕಡೆ, ನೆರೆಹೊರೆ ಒಟ್ಟಾಗಿ ನಿಂತ ಕಡೆ ಮನುಷ್ಯನ ಮನಸ್ಸು ಅಚ್ಚರಿಯಷ್ಟು ತಡೆದುಕೊಳ್ಳಬಲ್ಲದು. ಆ ಅಧ್ಯಯನದಲ್ಲಿ ಇದ್ದವು ಹೆಚ್ಚಾಗಿ ಅನುಕೂಲವುಳ್ಳ ದೇಶಗಳು. ನಮ್ಮ ದೇಶದ ಅಪರಾಧ ದಾಖಲಾತಿ ವಿಭಾಗದ ಪುಸ್ತಕಗಳಲ್ಲಿ ಆತ್ಮಹತ್ಯೆಗಳ ಸಂಖ್ಯೆ 2019ರಲ್ಲಿ 1,39,123; 2020ರಲ್ಲಿ 1,53,052; 2021ರಲ್ಲಿ 1,64,033. ಈ ಏರಿಕೆಯೆಲ್ಲ ಮಹಾಮಾರಿಯೊಂದರಿಂದಲೇ ಆಯಿತೆಂದು ಹೇಳಲಾಗದು. ಆದರೂ ಇವು ಅಂಕಿಗಳ ಹಿಂದಿನ ಮನೆಗಳು ಎಂಬುದನ್ನು ಕ್ರೈಸ್ತನಾದವನು ಮರೆಯಲಾಗದು.

ಪ್ರಿಯರೇ, ಇಷ್ಟು ಕೇಳಿದ ಮೇಲೆ, ಇದು ವೈದ್ಯರ ಮತ್ತು ಸರಕಾರದ ಕೆಲಸ, ಧರ್ಮಕೇಂದ್ರಕ್ಕೇನು ಎಂದು ಯಾರಾದರೂ ಕೇಳಬಹುದು. ಸಂತ ಮಾರ್ಕನ ಶುಭಸಂದೇಶದಲ್ಲಿ ಕಫೆರ್ನವುಮಿನ ಆ ಮನೆಯನ್ನು ನೆನಪಿಸಿಕೊಳ್ಳಿ. ಒಳಗೆ ಸ್ವಾಮಿಯಿದ್ದಾರೆ, ಬಾಗಿಲಲ್ಲಿ ಜನ ಕಿಕ್ಕಿರಿದು ದಾರಿ ಮುಚ್ಚಿಹೋಗಿದೆ. ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು, ಇವತ್ತು ಆಗಲಿಲ್ಲವೆಂದು ಹಿಂದಿರುಗಲಿಲ್ಲ. ಚಾವಣಿಯನ್ನೇರಿ, ಅದನ್ನು ಬಿಚ್ಚಿ, ಹಾಸಿಗೆಸಮೇತ ರೋಗಿಯನ್ನು ಕೆಳಗಿಳಿಸಿದರು. ಆ ಹೊತ್ತು ತಂದವರ ವಿಶ್ವಾಸವನ್ನು ಪ್ರಭು ಗಮನಿಸಿದರು. ಮಹಾಮಾರಿಯ ಕಾಲದಲ್ಲಿ ಆಸ್ಪತ್ರೆಯ ಬಾಗಿಲೂ ದೇವಾಲಯದ ಬಾಗಿಲೂ ಒಟ್ಟಿಗೆ ಮುಚ್ಚಿದ್ದವು. 2020ರ ಪಾಸ್ಕ ಹಬ್ಬವನ್ನು ನಾವು ಮನೆಗಳೊಳಗೆ ಆಚರಿಸಿದೆವು. ಆಗ ಚಾವಣಿ ಬಿಚ್ಚುವ ನಾಲ್ವರು ನಮ್ಮಲ್ಲಿ ಇದ್ದರೇ ಎಂಬುದೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಧರ್ಮಸಭೆಯ ಚರಿತ್ರೆಯಲ್ಲಿ ಅಂಥವರು ಇದ್ದರು. 1576ರಲ್ಲಿ ಮಿಲಾನ್ ನಗರಕ್ಕೆ ಪ್ಲೇಗ್ ಬಂದು ಜನರೆಲ್ಲ ಮನೆಗಳಲ್ಲಿ ಬಂದಿಗಳಾದಾಗ, ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೋಮಿಯೊ ಬೀದಿಗಳು ಕೂಡುವೆಡೆಯಲ್ಲಿ ಬಲಿಪೀಠಗಳನ್ನು ನಿಲ್ಲಿಸಿದರು. ಜನರು ಕಿಟಕಿಗಳಿಂದಲೇ ದಿವ್ಯಬಲಿಪೂಜೆಯನ್ನು ಕಂಡರು. ಅದೇ ಶತಮಾನದಲ್ಲಿ ಸ್ಪೇನಿನ ಗ್ರಾನಡಾ ನಗರದಲ್ಲಿ, ದೇವರ ಯೋವಾನ್ನ ಎಂದು ಹೆಸರಾದ ಸಂತರು ಒಮ್ಮೆ ಸ್ವತಃ ಹುಚ್ಚರೆಂದು ಆಸ್ಪತ್ರೆಯಲ್ಲಿ ಕೂಡಿಹಾಕಲ್ಪಟ್ಟು, ಅಂದಿನ ರೂಢಿಯಂತೆ ಪೆಟ್ಟು ತಿಂದು, ಹೊರಬಂದ ಮೇಲೆ ರೋಗಿಗಳಿಗಾಗಿ ತಮ್ಮದೇ ಆಸ್ಪತ್ರೆಯನ್ನು ಕಟ್ಟಿದರು. ಇಂದು ಧರ್ಮಸಭೆ ಅವರನ್ನು ರೋಗಿಗಳ ಪಾಲಕ ಸಂತರೆಂದು ಗೌರವಿಸುತ್ತದೆ. ಮನಸ್ಸು ಕೆಟ್ಟವನನ್ನು ಕಂಡು ದೂರ ಸರಿಯುವವನು, ತಾನು ಸಂತರೊಬ್ಬರಿಂದ ದೂರ ಸರಿಯುತ್ತಿರಬಹುದೆಂದು ತಿಳಿಯಲಿ.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತನ್ನ ಪ್ರಾಣವನ್ನು ತಾನೇ ಕಳೆದುಕೊಂಡವನಿಗೆ ದೇವಾಲಯದ ಅಂತ್ಯಸಂಸ್ಕಾರವಿಲ್ಲ ಎಂಬ ಮಾತು ನಮ್ಮ ಹಿರಿಯರ ಕಾಲದಿಂದ ಬಂದಿದೆ. 1917ರ ಧರ್ಮಸಭಾ ಕಾನೂನಿನಲ್ಲಿ, ಬುದ್ಧಿಪೂರ್ವಕವಾಗಿ ಹಾಗೆ ಮಾಡಿದವರ ವಿಷಯದಲ್ಲಿ, ಅಂಥ ನಿಯಮವಿತ್ತು. 1983ರ ಕಾನೂನಿನಲ್ಲಿ ಅದನ್ನು ಕೈಬಿಡಲಾಯಿತು. 1992ರ ಧರ್ಮೋಪದೇಶ ಗ್ರಂಥವು, ತೀವ್ರ ಮನೋವ್ಯಥೆ, ಭಯ, ಸಂಕಟಗಳು ಅಂಥವನ ಹೊಣೆಯನ್ನು ತಗ್ಗಿಸುತ್ತವೆಂದೂ, ಅವನ ನಿತ್ಯರಕ್ಷಣೆಯ ವಿಷಯದಲ್ಲಿ ನಾವು ನಿರಾಶರಾಗಬಾರದೆಂದೂ ಬೋಧಿಸುತ್ತದೆ. ಜೀವ ದೇವರ ಕೊಡುಗೆ ಎಂಬ ಬೋಧೆ ಇದರಿಂದ ಕಿಂಚಿತ್ತೂ ಸಡಿಲವಾಗಿಲ್ಲ. ಆ ಕೊಡುಗೆಯನ್ನು ಕಾಪಾಡಬೇಕಾದರೆ, ಸಂಕಟದಲ್ಲಿರುವವನು ನಾಚಿಕೆಯಿಲ್ಲದೆ ಬಾಯಿಬಿಡುವಂತಾಗಬೇಕು. ಮುಂದೆ ತನ್ನ ಮನೆಯವರಿಗೆ ಅವಮಾನವಾದೀತೆಂಬ ಅಂಜಿಕೆಯೇ ಅವನ ಬಾಯಿ ಕಟ್ಟಿಹಾಕುತ್ತದೆ.

ದೇಶದ ಕಾನೂನೂ ಇದೇ ದಾರಿ ಹಿಡಿದಿದೆ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತಾಗದ ಹೊರತು ಅವನನ್ನು ಶಿಕ್ಷಿಸುವಂತಿಲ್ಲ. ಪ್ರಾಣಾಪಾಯದ ಸಂದರ್ಭದಲ್ಲಿ ನೋಂದಾಯಿತ ವೈದ್ಯರು ಯಾರೇ ಆಗಲಿ, ಮನೋವೈದ್ಯರಿಗಾಗಿ ಕಾಯದೆ, 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ಕೊಡಲು ಅದರಲ್ಲಿ ಅವಕಾಶವಿದೆ. ಆದಕಾರಣ, ಶಿಕ್ಷೆಯಾದೀತೆಂಬ ಭಯದಿಂದ ರೋಗಿಯನ್ನು ಮನೆಯಲ್ಲಿ ಬಚ್ಚಿಡಬೇಡಿ. ಹತ್ತಿರದ ಆಸ್ಪತ್ರೆಗೆ ಮೊದಲು ಕರೆದೊಯ್ಯಿರಿ.

ನಮ್ಮ ಧರ್ಮಕೇಂದ್ರ ಮಾಡಬಹುದಾದ ಕೆಲವು ಸಣ್ಣ ಕಾರ್ಯಗಳನ್ನು ಸೂಚಿಸಿ ಮುಗಿಸುತ್ತೇನೆ. ಮೊದಲನೆಯದಾಗಿ, ದೀರ್ಘಕಾಲ ಮಾತ್ರೆ ಸೇವಿಸಬೇಕಾದವರಿರುವ ಮನೆಗಳು ಇಷ್ಟಪಟ್ಟರೆ ಗುಟ್ಟಾಗಿ ವಿಚಾರಣಾ ಗುರುಗಳಿಗೆ ತಿಳಿಸಿರಲಿ. ಮತ್ತೊಮ್ಮೆ ರಸ್ತೆಗಳು ಮುಚ್ಚಿದರೆ ಮಾತ್ರೆ ತಲಪಿಸುವ ಹೊಣೆಯನ್ನು ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು ಹೊರಲಿ. ಎರಡನೆಯದಾಗಿ, ಅಪರಾತ್ರಿಯಲ್ಲಿ ಕರೆದರೂ ವಾಹನದೊಡನೆ ಬರಬಲ್ಲ ನಾಲ್ವರು ಯುವಕರನ್ನು ಈಗಲೇ ಗೊತ್ತುಮಾಡಿಡೋಣ. 108ರ ಆಂಬುಲೆನ್ಸ್ ತಡವಾದರೆ ಅವರು ನೆರವಾಗಲಿ. ಮೂರನೆಯದಾಗಿ, ಕುಡಿತ ಬಿಡಲು ನಿಶ್ಚಯಿಸಿದವನನ್ನು ವೈದ್ಯರ ಬಳಿಗೆ ಕರೆದೊಯ್ದು ಅವರ ಸಲಹೆಯಂತೆ ಬಿಡಿಸೋಣ. ನಾಲ್ಕನೆಯದಾಗಿ, ಒಂಟಿಯಾಗಿರುವ ವೃದ್ಧರಿಗೆ ವಾರಕ್ಕೊಮ್ಮೆಯಾದರೂ ಫೋನ್ ಮಾಡುವ ಪದ್ಧತಿ ಮಹಾಮಾರಿ ಬರುವ ಮೊದಲೇ ಬೇರೂರಲಿ.

ಐದನೆಯ ಮಾತು ಎಲ್ಲಕ್ಕಿಂತ ಕಠಿನ. ನಿಮ್ಮವರೊಬ್ಬರು ಬದುಕು ಸಾಕೆಂಬಂತೆ ಮಾತನಾಡಿದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದವರ ಮುಂದೆ ಭಾರ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ಪ್ರಾರ್ಥನೆಯನ್ನು ನಿಲ್ಲಿಸಬೇಡಿರಿ. ರೋಗಿಗಳ ಅಭ್ಯಂಗಕ್ಕಾಗಿ ಗುರುಗಳನ್ನು ಕರೆಯಿರಿ, ವೈದ್ಯರನ್ನೂ ಕರೆಯಿರಿ. ಇಬ್ಬರೂ ಒಬ್ಬನೇ ದೇವರ ಕೈಗಳು.

ಮುಂದಿನ ಮಹಾಮಾರಿ ಯಾವಾಗ ಬರುವುದೆಂದು ಬಲ್ಲವರಿಲ್ಲ. ಅದು ಬಂದಾಗ ಆಸ್ಪತ್ರೆಯ ಬೆಂಚು ಬರಿದಾಗಿರುವುದನ್ನು ಕಂಡು ನೆಮ್ಮದಿಗೊಳ್ಳದೆ, ಅಲ್ಲಿ ಕುಳಿತಿರಬೇಕಾದವನು ಯಾವ ಮನೆಯಲ್ಲಿದ್ದಾನೆಂದು ಹುಡುಕಿಹೋಗುವ ಬುದ್ಧಿ ನಮಗಿರಲಿ. ನೂರು ವರ್ಷ ಈ ದೇವಾಲಯದ ಗಂಟೆ ನಮ್ಮನ್ನು ಒಳಗೆ ಕರೆಯಿತು. ಇನ್ನು ಮುಂದಿನ ನೂರು ವರ್ಷ ಅದು ನಮ್ಮನ್ನು ಬಾಗಿಲು ಮುಚ್ಚಿಕೊಂಡ ಮನೆಗಳ ಕಡೆಗೂ ಕಳುಹಿಸಲಿ. ರೋಗಿಗಳ ಆರೋಗ್ಯವೂ ವ್ಯಾಕುಲರ ಉಪಶಮನವೂ ಆದ ಮಾತೆ ಮರಿಯಮ್ಮನವರು ಇದಕ್ಕಾಗಿ ನಮ್ಮೆಲ್ಲರ ಪರವಾಗಿ ಬಿನ್ನೈಸಲಿ.